ಸೊಪ್ಪಿನ ರಸಕ್ಕಿಂತ ಮೊದಲು ಗಾಯ: ಸಣ್ಣ ಗಾಯಗಳ ಗಿಡಮದ್ದಿಗೆ ಇರುವ ಆಧಾರ ಮತ್ತು ಮಿತಿ

ಮುಂಗಾರಿನ ಹೆಸರು, ಶೇಂಗಾ, ಗೋವಿನಜೋಳದ ಹೊಲಗಳಲ್ಲಿ ಕಸ ತೆಗೆಯುವ ದಿನಗಳು ಬಂದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹೆಣ್ಣಾಳುಗಳ ಬೆರಳಿಗೆ ಕುರ್ಚಿಗಿ (ಕಳೆ ತೆಗೆಯುವ ಕೈಸಲಕರಣೆ) ತಾಗುವುದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಸಾಮಾನ್ಯ. ಬದುವಿನ ಮೇಲಿನ ಗಬ್ಬು ಸೇವಂತಿಯ ಎಲೆಗಳನ್ನು ಕಿತ್ತು ಅಂಗೈಯಲ್ಲಿ ತಿಕ್ಕಿ, ಬಂದ ಹಸಿರು ರಸವನ್ನು ಗಾಯಕ್ಕೆ ಹಿಂಡಿ, ಅರಿವೆಯ ಚೂರೊಂದನ್ನು ಕಟ್ಟಿಕೊಂಡು ಸಾಲು ಮುಗಿಸುವುದು ಇಲ್ಲಿಯ ರೂಢಿ. ಈಗ ಅದೇ ರೂಢಿ ಹೊಲದಿಂದ ಮೊಬೈಲಿಗೂ ಏರಿದೆ. ಎಂಥ ಗಾಯವಾದರೂ ಈ ಸೊಪ್ಪು ಹಚ್ಚಿದರೆ ಸಾಕು, ಹೊಲಿಗೆಯೂ ಬೇಡ ಸೂಜಿಯೂ ಬೇಡ ಎಂದು ಹೇಳುವ ವಿಡಿಯೊಗಳು ಊರ ಗುಂಪಿನಿಂದ ಗುಂಪಿಗೆ ದಾಟುತ್ತಿವೆ. ಇನ್ನೊಂದು ಕಡೆ, ಸೊಪ್ಪು ಹಚ್ಚಿಕೊಂಡು ಬಂದವರನ್ನು ಗದರಿಸಿ ಇದೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರೂ ಇದ್ದಾರೆ. ಇಬ್ಬರೂ ನೋಡುತ್ತಿರುವುದು ಎಲೆಯನ್ನು ಮಾತ್ರ. ಯಾವ ಗಾಯ, ಎಷ್ಟು ಆಳ, ಏನು ತಾಗಿ ಆದದ್ದು, ತೊಳೆದದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದ ಹೊರತು ಎಲೆಯ ಗುಣದೋಷದ ಚರ್ಚೆಗೆ ಅರ್ಥವೇ ಇಲ್ಲ ಎಂಬುದು ಈ ಲೇಖನದ ವಾದ.

ಮೊದಲು ಗಬ್ಬು ಸೇವಂತಿಯನ್ನೇ ನೋಡೋಣ. ಕೆಲವೆಡೆ ಜಯಂತಿ ಎಂದೂ ಕರೆಯುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ನೆಲಕ್ಕೆ ಹಬ್ಬುವ ಕಾಂಡ, ಹಲ್ಲುಹಲ್ಲಾದ ಅಂಚಿನ ಒರಟು ಎಲೆ, ಉದ್ದ ತೊಟ್ಟಿನ ತುದಿಯಲ್ಲಿ ಹಳದಿ ನಡುವಿನ, ಸುತ್ತ ನಾಲ್ಕಾರು ಬಿಳಿ ಎಸಳುಗಳಿರುವ ಪುಟ್ಟ ಹೂವು ಇದರ ಗುರುತು. ಇದು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದು ಇಲ್ಲಿ ಕಳೆಯಾಗಿ ನೆಲೆಸಿದ್ದು. ಹಾಗಾಗಿ ಸಾವಿರಾರು ವರ್ಷಗಳ ಪರಂಪರೆ ಎಂದು ಇದರ ಮೇಲೆ ಹೊರಿಸುವ ಹೊಗಳಿಕೆ ಸಲ್ಲದು. ಚರಕ, ಸುಶ್ರುತರ ಕಾಲದ ವೈದ್ಯರಿಗೆ ಈ ಗಿಡದ ಪರಿಚಯವಿರಲು ಸಾಧ್ಯವಿರಲಿಲ್ಲ. ಆದರೆ ಹೊರಗಿನಿಂದ ಬಂದ ಕಳೆಯೊಂದನ್ನು ಹೊಲದಲ್ಲಿ ದುಡಿಯುವವರು ಹಚ್ಚಿ ನೋಡಿ, ಉಪಯೋಗ ಕಂಡು, ಕೆಲವೇ ತಲೆಮಾರುಗಳಲ್ಲಿ ತಮ್ಮ ಮದ್ದಾಗಿ ಮಾಡಿಕೊಂಡರು ಎಂಬುದು, ನನ್ನ ದೃಷ್ಟಿಯಲ್ಲಿ, ಪ್ರಾಚೀನತೆಯ ಹೆಮ್ಮೆಗಿಂತ ಹೆಚ್ಚು ಗೌರವಕ್ಕೆ ಅರ್ಹವಾದ ಸಂಗತಿ. ಜನಪದ ವೈದ್ಯ ಎಂದೋ ನಿಂತುಹೋದ ಪಾಠವಲ್ಲ, ಪ್ರಯೋಗ ಮಾಡುತ್ತಲೇ ಇದ್ದ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಸೊಪ್ಪಿನ ಮೇಲೆ ಪ್ರಯೋಗಾಲಯದ ಕೆಲಸವೂ ನಡೆದಿದೆ. 1980ರ ದಶಕದಿಂದಲೇ ಭಾರತದ ಔಷಧಶಾಸ್ತ್ರಜ್ಞರು ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ, ಕೂಡಿಕೊಳ್ಳುತ್ತಿರುವ ಗಾಯದ ಬಿಗಿತ ಹೆಚ್ಚುವುದನ್ನು ವರದಿ ಮಾಡಿದ್ದಾರೆ. ಗಾಯದ ಜಾಗದಲ್ಲಿ ಹೊಸದಾಗಿ ಹೆಣೆದುಕೊಳ್ಳುವ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವದ ಮೇಲೆ ಸೊಪ್ಪಿನ ಸಾರದ ಪರಿಣಾಮವನ್ನು ಪರಿಶೀಲಿಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಇಷ್ಟನ್ನು ಹಿಡಿದುಕೊಂಡು ವಿಜ್ಞಾನವೇ ಒಪ್ಪಿದೆ ಎನ್ನುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಮೊದಲನೆಯದು, ಇಲಿಯ ಚರ್ಮ ಮತ್ತು ಮನುಷ್ಯನ ಚರ್ಮ ವಾಸಿಯಾಗುವ ಬಗೆಯೇ ಬೇರೆ. ಇಲಿಯ ಚರ್ಮದ ಕೆಳಗೆ ತೆಳ್ಳನೆಯ ಸ್ನಾಯುವಿನ ಹಾಸು ಇರುವುದರಿಂದ ಅದರ ಗಾಯ ಬಹುಮಟ್ಟಿಗೆ ಅಂಚುಗಳು ಒಳಗೆ ಎಳೆದುಕೊಂಡು ಮುಚ್ಚುತ್ತದೆ. ಮನುಷ್ಯನ ಮೈಯ ಬಹುಭಾಗದಲ್ಲಿ ಅಂಥ ಹಾಸು ಇಲ್ಲ. ನಮ್ಮ ಗಾಯ ತಳದಿಂದ ಹೊಸ ಮಾಂಸ ತುಂಬಿ, ಮೇಲೆ ಹೊಸ ಚರ್ಮ ಹರಡಿ ಮುಚ್ಚಬೇಕು. ಇಲಿಯಲ್ಲಿ ಎರಡು ದಿನ ಮೊದಲು ಮುಚ್ಚಿದ ಗಾಯ ಮನುಷ್ಯನಲ್ಲಿಯೂ ಹಾಗೆಯೇ ಮುಚ್ಚುತ್ತದೆ ಎನ್ನಲು ಬರುವುದಿಲ್ಲ. ಎರಡನೆಯದು, ಇಂಥ ಪ್ರಯೋಗಗಳಲ್ಲಿ ಬಳಸಿದ್ದು ತೊಳೆದು, ಅಳೆದು, ಸಿದ್ಧಪಡಿಸಿದ ಸಾರವನ್ನೇ ಹೊರತು ಮಣ್ಣಿನ ಕೈಯಲ್ಲಿ ತಿಕ್ಕಿದ ಎಲೆಯನ್ನಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸರಳವಾದದ್ದು, ಆದರೆ ಇದಕ್ಕಿಂತ ದೊಡ್ಡದು. ಆರೋಗ್ಯವಂತನ ಕೈಗೆ ಆದ ಸಣ್ಣ, ಸ್ವಚ್ಛವಾದ ಕೊಯ್ತದ ಗಾಯ ಏನೂ ಹಚ್ಚದಿದ್ದರೂ ವಾರ ಹತ್ತು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟುವುದು ಕೆಲವು ನಿಮಿಷಗಳ ಕೆಲಸ. ಅದರ ಹಿಂದೆಯೇ ಬಿಳಿ ರಕ್ತಕಣಗಳು ಬಂದು ಕೊಳೆಯನ್ನು ತಿಂದು ತೆಗೆಯುತ್ತವೆ. ಆಮೇಲೆ ಹೊಸ ಅಂಗಾಂಶ ತುಂಬುತ್ತದೆ. ಕೊನೆಯ ಹಂತದಲ್ಲಿ ಕಲೆಯ ಜಾಗ ತಿಂಗಳುಗಟ್ಟಲೆ ಗಟ್ಟಿಯಾಗುತ್ತ ಹೋಗಿ, ಮೂಲ ಚರ್ಮದ ಬಲದ ಸುಮಾರು 80 ಶೇಕಡಾವನ್ನು ಮಾತ್ರ ಮುಟ್ಟುತ್ತದೆ. ಹೀಗೆ ತಾನಾಗಿ ವಾಸಿಯಾಗುವ ಗಾಯಕ್ಕೆ ಯಾವ ಸೊಪ್ಪು ಹಚ್ಚಿದರೂ ಆ ಸೊಪ್ಪಿಗೇ ಕೀರ್ತಿ ಸಲ್ಲುತ್ತದೆ. ರಕ್ತ ನಿಲ್ಲುವ ಮಾತೂ ಹಾಗೆಯೇ. ಸೊಪ್ಪನ್ನು ಗಾಯದ ಮೇಲಿಟ್ಟು ಹೆಬ್ಬೆರಳಿನಿಂದ ಐದು ನಿಮಿಷ ಒತ್ತಿ ಹಿಡಿದಾಗ ರಕ್ತ ನಿಂತರೆ ಅದರಲ್ಲಿ ಸೊಪ್ಪಿನ ಪಾಲೆಷ್ಟು, ಹೆಬ್ಬೆರಳಿನ ಪಾಲೆಷ್ಟು ಎಂದು ಬಿಡಿಸಿ ನೋಡಿದವರು ಕಡಿಮೆ. ಸೊಪ್ಪಿಗೆ ಏನೂ ಶಕ್ತಿಯಿಲ್ಲ ಎಂದು ಇದರಿಂದ ಹೇಳಲಾಗದು. ಕರಿಜಾಲಿಯ ತೊಗಟೆ, ಅಳಲೆಕಾಯಿ, ಪೇರಲದ ಎಲೆಗಳಲ್ಲಿ ಇರುವ ಟ್ಯಾನಿನ್‌ನಂಥ ಒಗರು ದ್ರವ್ಯಗಳು ಗಾಯದ ಮೇಲ್ಮೈಯ ಪ್ರೋಟೀನನ್ನು ಗಟ್ಟಿಗೊಳಿಸಿ ಸಣ್ಣ ಸೋರಿಕೆಯನ್ನು ನಿಲ್ಲಿಸಬಲ್ಲವು ಎಂಬುದು ರಸಾಯನಶಾಸ್ತ್ರಕ್ಕೆ ಒಪ್ಪುವ ಮಾತೇ. ಹೋಲಿಕೆ ಇಲ್ಲದೆ ತೀರ್ಪು ಕೊಡಲಾಗದು ಎಂಬುದಷ್ಟೇ ಇಲ್ಲಿನ ತಕರಾರು.

ಅರಿಶಿನದ ಕಥೆ ಇದೇ ಗೊಂದಲದ ಇನ್ನೊಂದು ಮುಖ. 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ವಾಸಿಮಾಡಲು ಅರಿಶಿನ ಬಳಸುವ ಬಗ್ಗೆ ಪೇಟೆಂಟ್ ಸಿಕ್ಕಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಸೇರಿಸಿ 32 ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಪಾರಂಪರಿಕ ಜ್ಞಾನದ ಡಿಜಿಟಲ್ ಭಂಡಾರ 2001ರಲ್ಲಿ ಆರಂಭವಾಗಲು ಈ ಪ್ರಕರಣದ ಅನುಭವವೂ ಕಾರಣ. ಸಂಭ್ರಮಪಡಬೇಕಾದ ಗೆಲುವೇ ಸರಿ. ಆದರೆ ಆ ವ್ಯಾಜ್ಯದಲ್ಲಿ ಸಾಬೀತಾದದ್ದು ಈ ಬಳಕೆ ಹೊಸದಲ್ಲ, ಭಾರತದಲ್ಲಿ ಮೊದಲಿನಿಂದ ಇತ್ತು ಎಂಬುದು. ಅರಿಶಿನ ಹಚ್ಚಿದ ಗಾಯ ಹಚ್ಚದ ಗಾಯಕ್ಕಿಂತ ಬೇಗ ವಾಸಿಯಾಗುತ್ತದೆ ಎಂಬುದು ಅಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಅಮೆರಿಕವೇ ಒಪ್ಪಿಕೊಂಡ ಮದ್ದು ಎಂದು ಇಂದಿಗೂ ವೇದಿಕೆಗಳ ಮೇಲೆ ಹೇಳುವವರು ಈ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸುವುದೂ ಕೆಲವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ, ಒಣ ಪುಡಿಯಲ್ಲಿ ಅದರ ಪ್ರಮಾಣವೂ ಕಡಿಮೆ. ಅಡಿಗೆಗೆಂದು ಮಾರುವ ಪುಡಿಯನ್ನು ಗಾಯಕ್ಕೆಂದು ಯಾರೂ ಕ್ರಿಮಿಶುದ್ಧ ಮಾಡಿರುವುದಿಲ್ಲ. ಬಣ್ಣಕ್ಕಾಗಿ ಸೀಸದ ಕ್ರೋಮೇಟ್, ಮೆಟಾನಿಲ್ ಹಳದಿ ಬೆರೆಸುವ ಕಲಬೆರಕೆ ಈ ದೇಶದಲ್ಲಿ ಹಳೆಯ ಪಿಡುಗು. ಹಿತ್ತಲಲ್ಲಿ ಬೆಳೆದ ಕೊಂಬನ್ನು ತೊಳೆದು ತೇಯ್ದು ಹಚ್ಚುತ್ತಿದ್ದ ಅಜ್ಜಿಯ ಅರಿಶಿನವೂ ಪಾಕೀಟಿನ ಅರಿಶಿನವೂ ಒಂದೇ ಅಲ್ಲ.

ಮನುಷ್ಯರ ಮೇಲಿನ ಅಧ್ಯಯನಗಳ ಆಧಾರ ಸ್ವಲ್ಪ ಹೆಚ್ಚಾಗಿ ಇರುವುದು ಲೋಳೆಸರಕ್ಕೆ. 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 371 ರೋಗಿಗಳನ್ನು ಒಳಗೊಂಡ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೇಲ್ಪದರದ ಸುಟ್ಟ ಗಾಯಗಳು ಲೋಳೆಸರದಿಂದ ಸರಾಸರಿ ಒಂಬತ್ತು ದಿನಗಳಷ್ಟು ಬೇಗ ವಾಸಿಯಾದುದನ್ನು ಕಂಡಿತು. ರೊಟ್ಟಿ ಬಡಿಯುವಾಗ ಹಂಚು ತಾಗಿ ಸುಟ್ಟ ಬೆರಳಿಗೆ ಟೂತ್‌ಪೇಸ್ಟ್ ಬಳಿಯುವುದಕ್ಕಿಂತ, ಮೊದಲು ತಣ್ಣೀರಿನ ಧಾರೆಗೆ ಕಾಲುಗಂಟೆ ಹಿಡಿದು ಆಮೇಲೆ ಲೋಳೆಸರದ ತಿರುಳು ಹಚ್ಚುವುದು ಎಷ್ಟೋ ವಾಸಿ ಎನ್ನಲು ಇಷ್ಟು ಸಾಕು. ಆದರೆ ಇದೇ ಲೋಳೆಸರವನ್ನು ಹೆರಿಗೆಯ ಅಥವಾ ಸ್ತ್ರೀರೋಗದ ಶಸ್ತ್ರಕ್ರಿಯೆಯ ನಂತರ ಬಾಯಿಬಿಟ್ಟಿದ್ದ ಆಳವಾದ ಗಾಯಗಳಿಗೆ ಬಳಸಿದ 1991ರ ಅಮೆರಿಕದ ಅಧ್ಯಯನವೊಂದರಲ್ಲಿ, ಸಾಮಾನ್ಯ ಆರೈಕೆಯಲ್ಲಿ ಸರಾಸರಿ 53 ದಿನಗಳಲ್ಲಿ ವಾಸಿಯಾದ ಗಾಯಕ್ಕೆ ಲೋಳೆಸರ ಹಚ್ಚಿದವರಲ್ಲಿ 83 ದಿನ ಬೇಕಾಯಿತು. ಒಂದೇ ಗಿಡ, ಮೇಲ್ಪದರದ ಗಾಯಕ್ಕೆ ನೆರವು, ಆಳದ ಗಾಯಕ್ಕೆ ಅಡ್ಡಿ. ಒಂದು ಸೊಪ್ಪು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಪ್ರಶ್ನೆಯೇ ಅರ್ಧ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ.

ಲೋಳೆಸರದ ಒಳ್ಳೆಯತನಕ್ಕೆ ಅದರ ತೇವವೂ ಒಂದು ಕಾರಣವಿರಬಹುದು. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು, ಬೂದಿಯನ್ನೋ ಪುಡಿಯನ್ನೋ ಉದುರಿಸಿ ಹಕ್ಕಳೆ ಕಟ್ಟಿಸಬೇಕು ಎಂಬುದು ನಮ್ಮ ಕಡೆ ಗಟ್ಟಿಯಾಗಿ ಬೇರೂರಿದ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲ್ಪದರದ ಗಾಯಗಳನ್ನು ಹೋಲಿಸಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಹರಡುವುದನ್ನು ತೋರಿಸಿದ. ಹಂದಿಯ ಚರ್ಮ ಇಲಿಯದಕ್ಕಿಂತ ಮನುಷ್ಯನದಕ್ಕೆ ಹತ್ತಿರ. ಇಂದಿನ ಗಾಯದ ಪಟ್ಟಿಗಳೆಲ್ಲ ಬಹುಮಟ್ಟಿಗೆ ಆ ತತ್ವದ ಮೇಲೆ ನಿಂತಿವೆ. ಹಸಿ ಸೊಪ್ಪಿನ ರಸ, ತುಪ್ಪ, ಎಣ್ಣೆ ಕಟ್ಟುಗಳು ಈ ಲೆಕ್ಕದಲ್ಲಿ ಬೂದಿ, ಸುಣ್ಣ, ಕಾಫಿಪುಡಿಗಳಿಗಿಂತ ಮೇಲು.

ಉಳಿದ ಗಿಡಗಳ ವಿಚಾರ ಚಿಕ್ಕದಾಗಿ ಹೇಳಬಹುದು. ಹಾನಗಲ್ಲ, ಕಲಘಟಗಿಯ ಕಡೆ ತೇವದ ನೆಲದಲ್ಲಿ ಬೆಳೆಯುವ ಒಂದೆಲಗದಲ್ಲಿ ಇರುವ ಏಷಿಯಾಟಿಕೋಸೈಡ್ ಎಂಬ ಅಂಶ ಕೊಲಾಜನ್ ಉತ್ಪತ್ತಿಯನ್ನು ಹೆಚ್ಚಿಸುವುದು ಜೀವಕೋಶಗಳ ಮಟ್ಟದಲ್ಲಿ ಚೆನ್ನಾಗಿ ಅಧ್ಯಯನಗೊಂಡಿದೆ. ಹೊರದೇಶಗಳಲ್ಲಿ ಅದರ ಸಾರದ ಮುಲಾಮುಗಳು ಮಾರುಕಟ್ಟೆಯಲ್ಲಿವೆ. ತೊಂದರೆಯೆಂದರೆ ನಮ್ಮಲ್ಲಿ ಬ್ರಾಹ್ಮಿ ಎಂಬ ಹೆಸರನ್ನು ಒಂದೆಲಗಕ್ಕೂ ನೀರಬ್ರಾಹ್ಮಿಗೂ ಬಳಸುತ್ತಾರೆ, ಗಿಡ ಕೇಳಿ ತರಿಸಿದವರ ಕೈಗೆ ಯಾವುದು ಬರುತ್ತದೆ ಎನ್ನುವಂತಿಲ್ಲ. ಬೇವಿನ ಎಲೆ ಕುದಿಸಿದ ನೀರಿನಿಂದ ಗಾಯ ತೊಳೆಯುವ ರೂಢಿಯಲ್ಲಿ ಬೇವಿನಷ್ಟೇ ಮುಖ್ಯವಾದದ್ದು ಕುದಿಸಿದ ನೀರು. ಕರಿಕೆ, ತುಂಬೆ, ಹುಲಗಲದ (ಹೊಂಗೆಯ) ಎಣ್ಣೆಗಳಿಗೆ ರೂಢಿಯ ಬಲವಿದೆ, ಮನುಷ್ಯರ ಮೇಲಿನ ಅಧ್ಯಯನದ ಬಲ ತೀರ ಕಡಿಮೆ.

ಎಕ್ಕೆಯ ಹಾಲಿನ ವಿಚಾರ ಮಾತ್ರ ಬೇರೆ. ಕಾಲಿಗೆ ಜಾಲಿಮುಳ್ಳು ಮುರಿದು ಒಳಗೆ ಉಳಿದಾಗ ಎಕ್ಕೆಯ ಹಾಲು ಹನಿಸಿದರೆ ಮುಳ್ಳು ಮೇಲೆ ಬರುತ್ತದೆ ಎಂದು ಎರೆಹೊಲದ ರೈತರಿಂದ ಕುರಿಗಾರರವರೆಗೆ ಎಲ್ಲರೂ ಹೇಳುತ್ತಾರೆ. ಆ ಹಾಲಿನಲ್ಲಿ ಪ್ರೋಟೀನು ಕರಗಿಸುವ ಕಿಣ್ವಗಳಿರುವುದು ನಿಜ. ಚರ್ಮ ಮೆತ್ತಗಾಗಿ ಮುಳ್ಳು ಸಡಿಲವಾಗಬಹುದು. ಆದರೆ ಅದೇ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ತಾಗಿದರೆ ಕಾರ್ನಿಯ ಎಂಬ ಪಾರದರ್ಶಕ ಹೊರಪದರ ಊದಿ ದೃಷ್ಟಿ ಮಸುಕಾಗುತ್ತದೆ. ಮೊದಲಿಗೆ ನೋವು ಹೆಚ್ಚು ಕಾಣಿಸದಿರುವುದರಿಂದ ಜನ ಆಸ್ಪತ್ರೆಗೆ ಬರುವುದೂ ತಡವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಳ್ಳಿನ ಗಾಯ ನೋಡಲು ಸಣ್ಣದು, ಆದರೆ ಸ್ವಭಾವದಲ್ಲಿ ಸಣ್ಣದಲ್ಲ. ಧನುರ್ವಾಯು ತರುವ ಸೂಕ್ಷ್ಮಜೀವಿಯ ಬೀಜಕಣಗಳು ಹೊಲದ ಮಣ್ಣಿನಲ್ಲಿ, ತಿಪ್ಪೆಯಲ್ಲಿ, ಹೆಂಡಿಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಗಾಳಿಯಾಡದ ಕಡೆ ಮೊಳೆಯುತ್ತವೆ. ಅಗಲವಾಗಿ ತರಚಿ ರಕ್ತ ಸುರಿದ ಮೊಣಕಾಲಿಗಿಂತ, ಹನಿ ರಕ್ತವೂ ಬಾರದೆ ಆಳಕ್ಕೆ ಇಳಿದ ಮುಳ್ಳು, ಮೊಳೆ, ಕುಂಟೆಯ ತುದಿಗಳು ಅದಕ್ಕೆ ಹೆಚ್ಚು ಅನುಕೂಲ. ಅಂಥ ಗಾಯದ ಬಾಯಿಗೆ ಸೊಪ್ಪು ಮೆತ್ತಿ ಮುಚ್ಚುವುದು, ಹೆಂಡಿಯ ಬೂದಿ ತುಂಬುವುದು ಆ ಬೀಜಕಣಕ್ಕೆ ಮನೆ ಕಟ್ಟಿಕೊಟ್ಟಂತೆ.

ಇಲ್ಲಿ ಅನುಭವ ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಗಮನಿಸಬೇಕು. ಧನುರ್ವಾಯುವಿನ ಲಕ್ಷಣ ಸಾಮಾನ್ಯವಾಗಿ 3ರಿಂದ 21 ದಿನಗಳ ನಡುವೆ ಕಾಣಿಸುತ್ತದೆ. ದವಡೆ ಹಿಡಿದುಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಮೇಲಿನ ಗಾಯ ಮಾಯ್ದಿರುತ್ತದೆ. ಸೊಪ್ಪು ಗಾಯ ವಾಸಿಮಾಡಿತು, ಆಮೇಲೆ ಬೇರೇನೋ ಕಾಯಿಲೆ ಬಂತು ಎಂದೇ ಮನೆಯವರು ತಿಳಿಯುತ್ತಾರೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢಪಟ್ಟಿತು. ಆದರೆ ಮಣ್ಣಿನಲ್ಲಿರುವ ಬೀಜಕಣವನ್ನು ಯಾವ ಯೋಜನೆಯೂ ನಿವಾರಿಸಲಾರದು. ರಾಷ್ಟ್ರೀಯ ವೇಳಾಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಧನುರ್ವಾಯು, ಗಂಟಲಮಾರಿಗಳನ್ನು ತಡೆಯುವ ಟಿ.ಡಿ. ಲಸಿಕೆ ಇದೆ, ಹೆಂಗಸರಿಗೆ ಗರ್ಭಿಣಿಯಾದಾಗ ಮತ್ತೆ ಸಿಗುತ್ತದೆ. ಐವತ್ತು ದಾಟಿದ ರೈತನಿಗೆ ಅಂಥ ಯಾವ ನಿಗದಿತ ಸಂದರ್ಭವೂ ಇಲ್ಲ. ಮಣ್ಣು, ಹೆಂಡಿ ತಾಗಿದ ಗಾಯವಾಗಿದ್ದು ಕೊನೆಯ ಚುಚ್ಚುಮದ್ದು ಪಡೆದು ಐದು ವರ್ಷ ದಾಟಿದ್ದರೆ ಮತ್ತೊಂದು ಬೇಕು. ಸ್ವಚ್ಛವಾದ ಸಣ್ಣ ಗಾಯಕ್ಕೆ ಈ ಅವಧಿ ಹತ್ತು ವರ್ಷ. ಹಿಂದೆ ಲಸಿಕೆಯ ಸರಣಿಯನ್ನೇ ಪೂರ್ತಿ ಪಡೆಯದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸೊಪ್ಪು ಹಚ್ಚಿದ್ದರೂ, ಹಚ್ಚದಿದ್ದರೂ.

ನಾಯಿ ಕಚ್ಚಿದ ಗಾಯಕ್ಕೆ ಗಿಡಮದ್ದಿನ ಪ್ರಶ್ನೆಯೇ ಏಳಬಾರದು. ಖಾರದ ಪುಡಿ, ಎಕ್ಕೆಯ ಹಾಲು, ಸುಣ್ಣ, ಅರಿಶಿನ ಯಾವುದನ್ನೂ ಹಚ್ಚದೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ಸಕ್ಕರೆ ಕಾಯಿಲೆಯವರ ಪಾದದ ಗಾಯವೂ ಹೀಗೆಯೇ ಗಿಡಮದ್ದಿನ ವ್ಯಾಪ್ತಿಯಿಂದ ಹೊರಗೆ. ನರಗಳ ಸ್ಪರ್ಶ ಕುಂದಿರುವುದರಿಂದ ಅವರಿಗೆ ನೋವಿಲ್ಲದಿರುವುದೇ ಅಪಾಯದ ಗುರುತು.

ನಾಟಿ ವೈದ್ಯರು ಇದನ್ನೆಲ್ಲ ಅರಿಯದವರಾಗಿದ್ದರೆಂದು ತಿಳಿಯಬೇಕಿಲ್ಲ. ಸುಶ್ರುತ ಸಂಹಿತೆ ವ್ರಣದ ಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಲೇಪ ಅವುಗಳಲ್ಲಿ ಒಂದು ಮಾತ್ರ. ಶೋಧನ ಮೊದಲು, ರೋಪಣ ಆಮೇಲೆ, ಅಂದರೆ ಗಾಯ ಶುದ್ಧವಾಗುವ ಮುನ್ನ ಕೂಡಿಸುವ ಮದ್ದು ಹಚ್ಚಬಾರದು ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಹಳ್ಳಿಯ ಒಳ್ಳೆಯ ವೈದ್ಯನೂ ಗಾಯವನ್ನು ತೊಳೆದು, ಅಂಚು ಒತ್ತಿ ನೋಡಿ, ಕೀವು ವಾಸನೆಗಳನ್ನು ಪರೀಕ್ಷಿಸಿ, ಇದು ನನ್ನ ಕೈಲಾಗದು ಎಂದು ಕಳುಹಿಸುವುದನ್ನು ಬಲ್ಲವನಾಗಿದ್ದ. ವಿಡಿಯೊ ದಾಟಿಸುತ್ತಿರುವುದು ಎಲೆಯ ಹೆಸರನ್ನು ಮಾತ್ರ. ಗಾಯ ನೋಡುವ ವಿದ್ಯೆ ಅರ್ಧ ನಿಮಿಷದ ವಿಡಿಯೊದಲ್ಲಿ ಹಿಡಿಯುವಂಥದಲ್ಲ.

ಗಿಡಗಳ ಲಭ್ಯತೆಯ ಪ್ರಶ್ನೆಯಲ್ಲೂ ನಮ್ಮ ಗಮನ ಬೇರೆಡೆಗೆ ಹೋಗಿದೆ ಎಂದು ನನಗೆ ಅನಿಸುತ್ತದೆ. ಈ ಭಾಗದಲ್ಲಿ ಔಷಧೀಯ ಸಸ್ಯ ಎಂದ ಕೂಡಲೇ ಮಾತು ಕಪ್ಪತಗುಡ್ಡಕ್ಕೆ ಹೋಗುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿರುವ ಆ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿ, 2016ರಲ್ಲಿ ಅದು ಹಿಂತೆಗೆದು, ಜನರ ಹೋರಾಟದಿಂದ 2017ರಲ್ಲಿ ಮರಳಿ ಬಂದು, 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗಣಿಗಾರಿಕೆಯ ಬಾಯಿಂದ ಅದನ್ನು ಉಳಿಸಿದ್ದು ದೊಡ್ಡ ಕೆಲಸ. ಆದರೆ ಸಣ್ಣ ಗಾಯಕ್ಕೆ ಜನ ಹಚ್ಚುವ ಗಿಡಗಳಲ್ಲಿ ಹೆಚ್ಚಿನವು ಗುಡ್ಡದವಲ್ಲ. ಅವು ಬದುವಿನವು, ಹಿತ್ತಲಿನವು, ದಾರಿಯ ಬದಿಯವು. ಅವುಗಳಿಗೆ ಕುತ್ತು ಗಣಿಯಿಂದಲ್ಲ, ಕೂಲಿಯಾಳು ಸಿಗದ್ದರಿಂದ ಹೊಲಗಳಲ್ಲಿ ಹೆಚ್ಚಿದ ಕಳೆನಾಶಕದಿಂದ. ಗೋವಿನಜೋಳದ ಹೊಲಕ್ಕೆ ಹೊಡೆದ ಕಳೆನಾಶಕ, ಮೆಣಸಿನಕಾಯಿ ಹತ್ತಿಗಳಿಗೆ ಹೊಡೆದ ಕೀಟನಾಶಕ ಬದುವಿನ ಗಬ್ಬು ಸೇವಂತಿಯ ಎಲೆಯ ಮೇಲೂ ಕೂತಿರುತ್ತದೆ. ಗಿಡ ಸಾಯುವ ಮುಂಚಿನ ಕೆಲವು ದಿನ ಅದು ಹಸಿರಾಗಿಯೇ ಕಾಣುತ್ತದೆ, ಕಿತ್ತು ತಿಕ್ಕುವವರಿಗೆ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾದ ದಂಡೆಯ ಸೊಪ್ಪು, ಹೆದ್ದಾರಿಯ ಧೂಳು ಕುಡಿದ ಸೊಪ್ಪುಗಳದೂ ಇದೇ ಪಾಡು.

ಇದರ ಜೊತೆಗೆ ಕಾಂಗ್ರೆಸ್ ಕಸದ (ಪಾರ್ಥೇನಿಯಂ ಕಳೆಯ) ಪ್ರಶ್ನೆಯೊಂದಿದೆ. ಅದೂ ಗಬ್ಬು ಸೇವಂತಿಯೂ ಒಂದೇ ಸೇವಂತಿ ಕುಟುಂಬಕ್ಕೆ ಸೇರಿದವು, ಒಂದೇ ಜಾಗದಲ್ಲಿ ಹೆಣೆದುಕೊಂಡು ಬೆಳೆಯುತ್ತವೆ. ಕಾಂಗ್ರೆಸ್ ಕಸದಿಂದ ಕೈ, ಕುತ್ತಿಗೆ, ಮುಖದ ಚರ್ಮ ದಪ್ಪಗಟ್ಟಿ ತುರಿಸುವ ಅಲರ್ಜಿ ನಮ್ಮ ರೈತರಲ್ಲಿ ಸಾಮಾನ್ಯ. ಆ ಅಲರ್ಜಿ ಇರುವವರ ಮೈ ಅದೇ ಕುಟುಂಬದ ಬೇರೆ ಗಿಡಗಳಿಗೂ ಪ್ರತಿಕ್ರಿಯಿಸಬಹುದು. ಬಿರಿದ ಚರ್ಮದ ಮೂಲಕ ಒಳಹೋಗುವ ರಸಕ್ಕೆ ಇನ್ನೂ ಹೆಚ್ಚು. ಅಂಥವರು ಗಬ್ಬು ಸೇವಂತಿಯನ್ನು ಬಿಟ್ಟುಬಿಡುವುದೇ ಲೇಸು.

ಹಾಗಾದರೆ ಹೊಲದಲ್ಲಿ ಬೆರಳು ಕೊಯ್ದವಳು ಮಾಡಬೇಕಾದದ್ದೇನು? ಗಾಯ ಆಳವಿಲ್ಲದೆ, ಅಂಚುಗಳು ಹತ್ತಿರವಿದ್ದು, ಒಳಗೆ ಏನೂ ಉಳಿಯದಿದ್ದರೆ, ಕುಡಿಯಲು ತಂದ ನೀರಿನಿಂದಲೇ ಧಾರಾಳವಾಗಿ ತೊಳೆಯಬೇಕು. ಕುಡಿಯಲು ಯೋಗ್ಯವಾದ ನೀರಿಗೂ ಆಸ್ಪತ್ರೆಯ ಲವಣದ ದ್ರಾವಣಕ್ಕೂ ಈ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆಮೇಲೆ ಒಗೆದ ಅರಿವೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕಟ್ಟಬೇಕು. ಔಷಧ ಹೊಡೆಯದ ಹಿತ್ತಲಿನಿಂದ ತಂದು ತೊಳೆದ ಸೊಪ್ಪನ್ನು ತೊಳೆದ ಕೈಯಿಂದ ಇದರ ಮೇಲೆ ಹಚ್ಚುವುದಕ್ಕೆ ಯಾರೂ ಅಡ್ಡಬರಬೇಕಾದ ಕಾರಣವಿಲ್ಲ. ತೊಳೆಯುವುದರ ಬದಲಿಗೆ ಸೊಪ್ಪು ಎಂದಾಗ ಮಾತ್ರ ಅಡ್ಡಬರಬೇಕು. ಹೀಗೆ ಬಿಡದೆ ಒತ್ತಿ ಹಿಡಿದರೂ ರಕ್ತ ನಿಲ್ಲದ, ಬಾಯಿಬಿಟ್ಟ, ಕೀಲಿನ ಮೇಲಿನ, ಸುತ್ತಲೂ ಕೆಂಪಾಗಿ ಬಿಸಿಯೇರುತ್ತಿರುವ, ಜ್ವರ ತಂದ ಗಾಯಗಳು ಆಸ್ಪತ್ರೆಯ ಗಾಯಗಳು.

ಈ ಸೊಪ್ಪುಗಳ ನಿಜವಾದ ಬೆಲೆ ಕಂಡುಕೊಳ್ಳಲು ಬೇಕಾದ ಸಲಕರಣೆ ಈ ಪ್ರದೇಶದಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಹುಬ್ಬಳ್ಳಿ ಮತ್ತು ಗದಗಗಳಲ್ಲಿ ಆಯುರ್ವೇದ ಕಾಲೇಜುಗಳಿವೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗವೂ ಕೃಷಿ ವಿಶ್ವವಿದ್ಯಾಲಯವೂ ಇವೆ, ಪಕ್ಕದ ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ಇಲಿಗಳ ಮೇಲೆ ಮತ್ತೊಂದು ಪ್ರಬಂಧ ಬರೆಯುವ ಬದಲು, ತೊಳೆದು ಪಟ್ಟಿ ಕಟ್ಟಿದ ಒಂದು ಗುಂಪು, ತೊಳೆದು ಕ್ರಿಮಿಶುದ್ಧ ಸೊಪ್ಪಿನ ಸಾರ ಹಚ್ಚಿ ಪಟ್ಟಿ ಕಟ್ಟಿದ ಇನ್ನೊಂದು ಗುಂಪು ಎಂದು ಹೋಲಿಸುವ ಅಧ್ಯಯನವನ್ನು, ಗಾಯಗಳು ತಾವಾಗಿ ಬರುವ ಕಸ ತೆಗೆಯುವ ಕಾಲದಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕ ನಡೆಸಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ಗಾಯ ಅಳೆಯಲು ಒಂದು ಅಳತೆಪಟ್ಟಿ, ಒಂದು ಕ್ಯಾಮೆರಾ, ಯಾವ ಗುಂಪಿಗೆ ಏನು ಹಚ್ಚಿದೆ ಎಂದು ತಿಳಿಯದ ಪರೀಕ್ಷಕ, ಮತ್ತು ಪ್ರತಿಯೊಬ್ಬರ ಟಿ.ಡಿ. ಲಸಿಕೆಯ ದಾಖಲೆ ಇದ್ದರೆ ಆರಂಭಿಸಬಹುದು.